ಎಲೆತೋಟದ ಮೇಲೆ ರೈಲಿನ ಗೆರೆ

ಸೋಮವಾರ, ೧೬ ಜೂನ್ ೨೦೨೫

ತಂಗಿ ಸರೋಜವ್ವನಿಗೆ ಏನೆಂದು ಹೇಳಲಿ?

ಹೋದ ತಿಂಗಳು ಸವಣೂರಿನ ಲಘು ರೈಲಿಗೆ ದಾರಿ ಹುಡುಕುತ್ತಿದ್ದ ಸರ್ವೆಯವರು ಅವಳ ವೀಳ್ಯದೆಲೆ ತೋಟದ ಮುಂದೆ ನಿಂತಿದ್ದರು. ಎಲೆಬಳ್ಳಿಯೊಳಗೆ ಬೂಟುಗಾಲಿಡಬಾರದೆಂದು ತಿಳಿದು ಪಕ್ಕದ ಪಾಳು ಹೊಲದತ್ತ ಹೊರಟಿದ್ದರು. ನಾನು ಸುಮ್ಮನಿದ್ದರೆ ಮುಗಿಯುತ್ತಿತ್ತು. “ತೋಟ ನಂದ ಐತ್ರಿ ಸಾಹೇಬ್ರ, ಬರ್ರಿ, ಬೂಟು ಇರ್ಲಿ!” ಎಂದುಬಿಟ್ಟೆ. ಅವರು ಚಾಚಿದ ಒಪ್ಪಿಗೆ ಕಾಗದಕ್ಕೆ ಮಾಲೀಕನೆಂದು ಸಹಿಯನ್ನೂ ಹಾಕಿದೆ, ಅದೂ ಇಂಗ್ಲಿಷಿನಲ್ಲಿ. ಏಳನೇ ತರಗತಿಯಷ್ಟೇ ಓದಿದವರಲ್ಲಿ ಅಂಥ ಸಹಿ ಯಾರದಿದೆ?

ಇವತ್ತು ಊರಲ್ಲಿ ರೈಲುದಾರಿಯ ನಕಾಶೆ ಅಂಟಿಸಿದ್ದಾರೆ. ಕೆಂಪು ಗೆರೆ ತೋಟದ ನಟ್ಟನಡುವೆ ಹಾದಿದೆ.

ಸಂಜೆ ಸರೋಜವ್ವ ಓಡಿ ಬಂದಳು. “ಯಣ್ಣಾ, ಯಾವ ಹಲ್ಕಟ್ ಅವ್ರನ್ನ ಒಳಗ ಬಿಟ್ಟಾನೋ! ನಾಳೆ ಹಾವೇರ್‍ಯಾಗ ತಕರಾರು ಕೇಳ್ತಾರಂತ. ನೀನೂ ಬಾ. ಇಂಜಿನಿಯರಗೋಳಿಗೆ ನಾನ ದಾರಿ ತೋರ್ಸೇನಿ ಅಂತ ಊರ ತುಂಬ ಹೇಳೀಯಲ್ಲ, ನಿನ್ನ ಗುರ್ತು ಹಿಡೀತಾರ.”

“ನಾ ಅದೇನಿ, ಬಿಡವ್ವಾ” ಎಂದೆ. ಎಂಥ ಗಟ್ಟಿ ದನಿ ನನ್ನದು!

ಗುರುತು ಹಿಡಿಯುತ್ತಾರೆ, ಅದೇ ಸಂಕಟ. ಹೋಗದಿದ್ದರೆ ಅವಳ ತೋಟ ಹೋಗುತ್ತದೆ. ಹೋದರೆ ಆ ಸಹಿ ಸುಳ್ಳೆಂದು ಎಲ್ಲರೆದುರು ನಾನೇ ಒಪ್ಪಬೇಕು. ಒಪ್ಪುತ್ತೇನೆ, ಬೇರೆ ದಾರಿಯಿಲ್ಲ. ಆದರೆ ಅದಕ್ಕೂ ಮೊದಲು ಹಾವೇರಿಯವರೆಗೆ ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕೂರುತ್ತಾಳೆ. ಆಗ ಅವಳಿಗೆ ಏನೆಂದು ಹೇಳಲಿ?