ಮರಳು ತುಂಬಿದ ಪೆಟ್ಟಿಗೆಗಳು

ಪ್ಯಾಡಿಹ್ಯಾಮ್, ಲ್ಯಾಂಕಶೈರ್
೧೨ ನವೆಂಬರ್ ೧೯೭೮, ಭಾನುವಾರ

ಪ್ರಿಯ ಎಲಿಸ್,

ನೀನೂ ವಿನ್ನೀಯೂ ಆ ಆಸ್ಟ್ರೇಲಿಯದ ಬಿಸಿಲಿನಲ್ಲಿ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಜೂನ್ ತಿಂಗಳ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದುಬಿಡು, ತಪ್ಪು ನನ್ನದೇ. ಕಾಯಿಲೆ ಕಸಾಲೆ ಏನಿಲ್ಲ. ಐದು ತಿಂಗಳಿಂದ ಅಳಿಯನಿಗಾಗಿ ಎರಡು ಪೆಟ್ಟಿಗೆ ಮಾಡುತ್ತಿದ್ದೆ, ಅಷ್ಟೆ.

ಎಂಥ ಪೆಟ್ಟಿಗೆ ಎಂದು ಕೇಳುತ್ತೀಯ. ಪಕ್ಕದ ಮನೆಯ ಮಿಸೆಸ್ ಶಟಲ್‌ವರ್ತ್ ಕೂಡ ಕೇಳಿದಳು, ಬೇಲಿಯ ಮೇಲಿಂದ ಕತ್ತು ಉದ್ದ ಮಾಡಿ: “ಅಮೋಸ್, ಯಾರು ಹೋಗೋರು? ಅದೂ ಜೋಡೀಲಿ?” ಶವಪೆಟ್ಟಿಗೆಯಲ್ಲ ಮಾರಾಯಾ, ಸ್ಪೀಕರ್ ಪೆಟ್ಟಿಗೆ. ಮೇಜಿನ ಮೇಲೆ ಇಡುವಂಥದಲ್ಲ, ನೆಲದ ಮೇಲೆ ಕಾವಲುಗಾರರ ಹಾಗೆ ನಿಲ್ಲುವಂಥದು. ನಮ್ಮ ಕಾಲದಲ್ಲಿ ಹಾಡು ಕೇಳಬೇಕೆಂದರೆ ರೇಡಿಯೋ ತಿರುವುತ್ತಿದ್ದೆವು. ಈಗ ಕೆಲವು ಗಂಡಸರಿಗೆ ಹಾಡು ಬೇಡ, ಹಾಡು ಹೊರಬರುವ ತೂತು ಬೇಕು. ಅದರ ಬಗ್ಗೆ ಮಾಸಪತ್ರಿಕೆ ಓದುತ್ತಾರೆ, ಸಂಘ ಕಟ್ಟುತ್ತಾರೆ, ಒಂದೇ ಗ್ರಾಮೋಫೋನ್ ತಟ್ಟೆಯ ಅರ್ಧ ನಿಮಿಷವನ್ನು ಇಪ್ಪತ್ತು ಸಲ ಹಾಕಿ ತಲೆಯಾಡಿಸುತ್ತಾರೆ.

ನಮ್ಮ ಅಳಿಯ ಕ್ವೆಂಟಿನ್ ಆ ಪೈಕಿ. ಅವನನ್ನು ನೀನು ನೋಡಿಲ್ಲ, ಪುಣ್ಯವಂತ. ಮೇವಿಸ್ ಆರು ವರ್ಷದ ಹಿಂದೆ ಕಟ್ಟಿಕೊಂಡ ದಕ್ಷಿಣದವನು. ಶಾಲೆಯಲ್ಲಿ ಭೂಗೋಳ ಕಲಿಸುತ್ತಾನೆ. ಲೋಕದ ನದಿಗಳೆಲ್ಲ ಬಾಯಿಪಾಠ, ಮನೆಯ ನಲ್ಲಿ ಸೋರಿದರೆ ನನ್ನನ್ನು ಕರೆಯುತ್ತಾನೆ. ಚಹಾಕ್ಕೆ ಹಾಲು ಹಾಕುವುದಿಲ್ಲ. ಇಷ್ಟು ವರ್ಷವಾದರೂ ನನ್ನನ್ನು “ಮಿಸ್ಟರ್ ಕ್ಲೆಗ್” ಎನ್ನುತ್ತಾನೆ, ನಾನೇನೋ ಅವನ ಶಾಲೆಯ ಮುಖ್ಯೋಪಾಧ್ಯಾಯನೆಂಬಂತೆ.

ಜೂನ್‌ನಲ್ಲಿ ಒಂದು ದಿನ ಚೌಕುಳಿ ಕಾಗದದ ಸುರುಳಿ ಹಿಡಿದು ಬಂದ. “ಮಿಸ್ಟರ್ ಕ್ಲೆಗ್, ಲೆಕ್ಕಾ ಎಲ್ಲಾ ಮಾಡಿಟ್ಟಿದೀನಿ. ಮರದ ಕೆಲಸ ಮಾತ್ರ ನನ್ನ ಕೈಲಾಗಲ್ಲ” ಎಂದ.

“ಅದು ನಿನ್ನ ಕೈ ನೋಡಿದ್ರೇ ಗೊತ್ತಾಗುತ್ತೆ” ಎಂದೆ.

ನಕ್ಕುಬಿಟ್ಟ. ಅವನಲ್ಲಿ ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವುದು ಇದೇ. ಬೈದರೆ ತಿರುಗಿ ಬೈಯುವುದಿಲ್ಲ. ದಿಂಬಿಗೆ ಗುದ್ದಿದ ಹಾಗೆ.

ಅವನು ತಂದ ಹಲಗೆ ನೋಡಬೇಕಿತ್ತು ನೀನು. ಮರದ ಹೊಟ್ಟಿಗೆ ಅಂಟು ಕಲಸಿ ಒತ್ತಿದ್ದು. ಸ್ಕ್ರೂ ಹಾಕಿದರೆ ಹಳಸಿದ ಕೇಕಿನ ಹಾಗೆ ಉದುರುತ್ತದೆ. “ಪತ್ರಿಕೆಯಲ್ಲಿ ಇದೇ ಒಳ್ಳೇದು ಅಂತ ಬರ್ದಿದಾರೆ” ಎಂದ. “ಬರ್ದೋನಿಗೆ ಒಂದು ಕುರ್ಚಿ ಮಾಡೋಕೆ ಹೇಳು, ಆಮೇಲೆ ನಂಬೋಣ” ಎಂದು ಅದನ್ನೆಲ್ಲ ಕೋಳಿಗೂಡಿನ ಸೂರಿಗೆ ಹೊಡೆದೆ. ಬರ್ಚ್ ಮರದ ಪ್ಲೈವುಡ್ ತರಿಸಿದೆ. ಗೋಡೆಯನ್ನು ಎರಡು ಪದರ ಮಾಡಿ ನಡುವೆ ಒಣಮರಳು ತುಂಬಬೇಕು, ಆಗ ಪೆಟ್ಟಿಗೆ ತಾನೇ ನಡುಗುವುದಿಲ್ಲ ಎಂಬುದು ಅವನ ಯೋಚನೆ. ಒಪ್ಪಬೇಕಾದ್ದೇ. ಅವನ ತಲೆಯಿಂದ ಬಂದ ಒಂದೇ ಗಟ್ಟಿ ಮಾತು ಅದು. ಆ ಮರಳನ್ನು ಮೇವಿಸ್‌ಳ ಒಲೆಯಲ್ಲಿ, ಅವಳು ಮಾಂಸದ ಪೈ ಬೇಯಿಸುವ ತಟ್ಟೆಯಲ್ಲೇ ಹುರಿದು ಒಣಗಿಸಿದೆವು. ಅವಳು ಎರಡು ದಿನ ನಮ್ಮಿಬ್ಬರಿಗೂ ಊಟ ಹಾಕಲಿಲ್ಲ.

ಪೆಟ್ಟಿಗೆಯ ಒಳಗೆ ಎಷ್ಟು ಗಾಳಿ ಇರಬೇಕೆಂಬುದು ಇಡೀ ಲೆಕ್ಕದ ಹೃದಯವಂತೆ. ಮೂರು ವಾರ ಗುಣಾಕಾರ ಭಾಗಾಕಾರ ಮಾಡಿದ್ದ ಮಹಾಶಯ. ನಾನು ಒಳಗೆ ಆಸರೆಪಟ್ಟಿ ಎಲ್ಲ ಕೂರಿಸಿ ಒಣಬಟಾಣಿ ತುಂಬಿ ಬಕೆಟ್ಟಿನಲ್ಲಿ ಅಳೆದೆ. ಸುಮಾರು ಒಂದು ಬಕೆಟ್ ಕಡಿಮೆ! ಆಸರೆಪಟ್ಟಿಗಳೂ ಜಾಗ ತಿನ್ನುತ್ತವೆ ಎಂಬುದನ್ನು ಕಳೆಯಲು ಮರೆತಿದ್ದ.

“ಭೂಪಟದಲ್ಲಿ ಬೆಟ್ಟಗಳಿಗೆ ದಪ್ಪ ಇರಲ್ಲ ಅಲ್ವೇ?” ಎಂದೆ.

ಕೆಂಪಗಾದ. “ನೀವು ಹೇಳಿದ್ದೇ ಸರಿ” ಎಂದ. ಎಲಿಸ್, ಗಂಡಸಾದವನು ಒಮ್ಮೆಯಾದರೂ “ಇಲ್ಲ, ನೀವು ತಪ್ಪು” ಎನ್ನಬೇಕಪ್ಪ. ಅಂತೂ ಪೆಟ್ಟಿಗೆಗಳನ್ನು ಮೂರು ಇಂಚು ಎತ್ತರಿಸಿಕೊಟ್ಟೆ. ಕೀಲು ಒಂದೊಂದೂ ಕೂದಲೆಳೆ ಹಿಡಿಯದಷ್ಟು ಬಿಗಿ. ನೀನಿದ್ದಿದ್ದರೆ ಬೆರಳಾಡಿಸಿ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಒಳಗೆ ಕ್ವೆಂಟಿನ್ ಕುರಿಯ ಹಸಿ ಉಣ್ಣೆ ತುರುಕಿದ, ಮನೆಯೆಲ್ಲ ಕೊಟ್ಟಿಗೆ ವಾಸನೆ. ತಾಮ್ರದ ತಂತಿಯ ಸುರುಳಿಗಳನ್ನು, ನಮ್ಮ ಬಟ್ಟೆ ಗಿರಣಿ ಮುಚ್ಚಿದಾಗ ನಾನು ತಂದಿಟ್ಟಿದ್ದ ನೂಲಿನ ಬಾಬಿನ್ನುಗಳ ಮೇಲೆ ಸುತ್ತಿದ. ದಪ್ಪ ದನಿ ಕೆಳಗಿನ ದೊಡ್ಡ ಸ್ಪೀಕರಿಗೆ, ಸಣ್ಣ ದನಿ ಮೇಲಿನ ಚಿಕ್ಕದಕ್ಕೆ ಹೋಗಲಿ ಎಂದು ಪಾಲು ಮಾಡುವ ಸಾಧನ ಅದು. ಸೆಪ್ಟೆಂಬರ್ ಕೊನೆಯ ಭಾನುವಾರ, ಚರ್ಚಿನಿಂದ ಬಂದ ಮೇಲೆ, ಮೊದಲ ಬಾರಿಗೆ ಹಚ್ಚಿದ. ಒಂದು ಹಿತ್ತಾಳೆ ವಾದ್ಯದ ಮೇಳ. ಕೆಳದನಿ ಬಂತು ನೋಡು, ನೆಲದಿಂದ ಎದ್ದು ಮೊಣಕಾಲಿಗೆ ಹತ್ತಿತು! ನನ್ನ ಮರಗೆಲಸದ ಗುಣ ಅದು. ಆದರೆ ಮೇಲೆ ಏನೂ ಇಲ್ಲ. ಕಂಬಳಿ ಹೊದ್ದು ಮಲಗಿದವರ ಮೇಳ.

“ಚಿಕ್ಕದು ಸತ್ತಿದೆ” ಎಂದೆ. “ಎಲ್ಲೋ ಬೆಸುಗೆ ಬಿಟ್ಟಿದೀಯ.”

ಮೇವಿಸ್ ಬಾಯಿ ತೆರೆದಳು. ಕ್ವೆಂಟಿನ್ ಅವಳ ಕಡೆ ಒಮ್ಮೆ ನೋಡಿ, ಬಗ್ಗಿ ಸ್ಪೀಕರಿಗೆ ಕಿವಿ ಹಚ್ಚಿದ. “ಹೌದು, ಇರಬಹುದು ಮಿಸ್ಟರ್ ಕ್ಲೆಗ್. ನೋಡ್ತೀನಿ” ಎಂದ.

ಬಿಚ್ಚಿದ, ಏನೋ ಬದಲಿಸಿದ, ಮುಚ್ಚಿದ. ಆಗಲೂ ಇಲ್ಲ. ಮತ್ತೆ ಬಿಚ್ಚಿದ. ಹೀಗೆ ಮೂರು ಭಾನುವಾರ. ಕೊನೆಗೊಂದು ದಿನ ಕಂಚಿನ ತಾಳ ಝಲ್ಲೆಂದು ಬಂತು. “ಈಗ ಬಂದೆ ದಾರಿಗೆ!” ಎಂದು ತೊಡೆ ತಟ್ಟಿದೆ. ಮೇವಿಸ್ ಮುಖ ಕಿವುಚಿಕೊಂಡು ಅಡುಗೆಮನೆಗೆ ಹೋದಳು, ಸಂಗೀತ ಎಂದೂ ಅವಳಿಗೆ ಹಿಡಿಸಿದ್ದಲ್ಲ. ಮೊದಲೇ ನೆಟ್ಟಗೆ ಬೆಸೆದಿದ್ದರೆ ಮೂರು ವಾರ ಉಳಿಯುತ್ತಿತ್ತಲ್ಲ ಎಂದು ನಾನು ಅವನಿಗೆ ಹೇಳದೆ ಬಿಡಲಿಲ್ಲ.

ಇನ್ನು ನಿನ್ನೆಯ ಕಥೆ. ಮೆಥಡಿಸ್ಟ್ ಚರ್ಚಿನ ಪಾಠಶಾಲೆಯಲ್ಲಿ ಈ ತೂತಿನ ಭಕ್ತರ ಸಂಘದವರು ಮನೆಯಲ್ಲಿ ಮಾಡಿದ ಸ್ಪೀಕರುಗಳ ಸ್ಪರ್ಧೆ ಇಟ್ಟಿದ್ದರು. ಆರು ಜೋಡಿ. ಮುಂದೆ ತೆಳು ಪರದೆ, ಯಾರದು ಯಾವುದು ತಿಳಿಯಬಾರದಂತೆ. ಕಾರ್ಯದರ್ಶಿ ಆರ್ಮರಾಡ್ ಎಂಬ ಹಲ್ಲಿನ ವೈದ್ಯ. ಜನರ ಬಾಯಿಗೆ ಬಟ್ಟೆ ತುರುಕಿ ಮಾತಾಡಿಸುವ ಅಭ್ಯಾಸವಿರುವುದರಿಂದ ಅವನಿಗೆ ಎದುರುತ್ತರ ಕೇಳಿ ಗೊತ್ತಿಲ್ಲ. ಕಣ್ಣು ಮುಚ್ಚಿ, ಗಲ್ಲಕ್ಕೆ ಬೆರಳಿಟ್ಟು ಕೂತಿದ್ದ, ದೇವರೇ ಖುದ್ದಾಗಿ ಬಂದು ಪಿಸುಗುಟ್ಟುತ್ತಿದ್ದಾನೆ ಎಂಬಂತೆ. ಸುತ್ತ ಮೂವತ್ತು ಮಂದಿ ಅದೇ ಭಂಗಿ.

ನಮ್ಮದು ನಾಲ್ಕನೆಯದು. ಒಬ್ಬ ಹೆಂಗಸಿನ ಹಾಡು ಹಾಕಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ಒಂದೊಂದು ಅಕ್ಷರವೂ ತಿಳಿಯಿತು, ಬಹಳ ದಿನದ ಮೇಲೆ ಅಂಥ ಹಾಡು ಕೇಳಿದೆ. ಹಿಂದೆ ಯಾರೋ ಕಿಸಕ್ಕೆಂದರು. ಇನ್ನೊಬ್ಬ ಎರಡೂ ಕಿವಿ ಮುಚ್ಚಿಕೊಂಡ.

ಆರ್ಮರಾಡ್ ಎದ್ದು ಹೇಳಿದ: “ನನ್ನ ಕುರ್ಚೀಲಿ ಕೂತವರಿಗೆ ನಾನು ಮಾಡೋದನ್ನ ಈ ಸ್ಪೀಕರು ನನಗೆ ಮಾಡ್ತು. ಯಾವ ಪುಣ್ಯಾತ್ಮ ಇದರ ಮೇಲ್ದನಿ ಹದ ಮಾಡಿದ್ದು?”

ಗೊಳ್ಳೆಂದು ನಕ್ಕರು. ಕ್ವೆಂಟಿನ್ ಎದ್ದು ನಿಂತ. “ನಾನೇ” ಎಂದ.

“ಮರಗೆಲಸ ಭೇಷ್. ಆದರೆ ಮೇಷ್ಟ್ರೇ, ನಿಮ್ಮ ಕಿವೀನ ಒಂದ್ಸಲ ರಿಪೇರಿಗೆ ಕೊಡಿ.”

ನನಗೆ ತಡೆಯಲಾಗಲಿಲ್ಲ. “ಏ ಹಲ್ಲು ಕೀಳೋನೇ, ಅರವತ್ತು ವರ್ಷ ಆಯ್ತು ನಾನು ಮೇಳ ಕೇಳೋಕೆ ಶುರುಮಾಡಿ! ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ಹಾಗಾಯ್ತು ನಿಮ್ಮ ಕಥೆ!” ಎಂದು ಕೂಗಿದೆ. ಕ್ವೆಂಟಿನ್ ನನ್ನ ತೋಳು ಹಿಡಿದು ಕೂರಿಸಿದ. ಆರರಲ್ಲಿ ಆರನೆಯ ಸ್ಥಾನ ಕೊಟ್ಟರು. ಸೋಪಿನ ಪುಡಿಯ ಡ್ರಮ್ಮಿನಲ್ಲಿ ಮಾಡಿದ ಜೋಡಿ ಐದನೆಯದು!

ವ್ಯಾನಿನಲ್ಲಿ ಬರುತ್ತ ಕೇಳಿದೆ: “ಅಷ್ಟು ಜನ ಉಗೀತಿದ್ರೆ ಒಂದು ಮಾತಾದ್ರೂ ಆಡಬಾರ್ದಾ? ಬೆನ್ನುಮೂಳೆ ಅನ್ನೋದು ಇದೆಯೋ ಇಲ್ವೋ ನಿಂಗೆ?”

“ಹೋಗ್ಲಿ ಬಿಡಿ ಮಿಸ್ಟರ್ ಕ್ಲೆಗ್. ನಿಮಗೆ ಇಷ್ಟ ಆಯ್ತಲ್ಲ” ಎಂದ.

ಇಂಥವನ ಜೊತೆ ನನ್ನ ಮಗಳು ಬಾಳಬೇಕು. ದೇವರು ಅವಳಿಗೆ ತಾಳ್ಮೆ ಕೊಡಲಿ. ವಿನ್ನೀಗೆ ನನ್ನ ನೆನಪು ಹೇಳು, ಮೊಮ್ಮಕ್ಕಳ ತಲೆ ಸವರು. ನಿನ್ನ ಉಳಿ ಎಂದೂ ಮೊಂಡಾಗದಿರಲಿ, ನಿನ್ನ ಮನೆಯಲ್ಲಿ ನಗು ಬತ್ತದಿರಲಿ.

ನಿನ್ನ ಹಳೆಯ ಗೆಳೆಯ,
ಅಮೋಸ್ ಕ್ಲೆಗ್

ತಾ. ಕ.: ಡಿಸೆಂಬರ್ ೩. ಅಂಚೆಚೀಟಿ ತರುವುದು ಮರೆತು ಪತ್ರ ಗಡಿಯಾರದ ಹಿಂದೆಯೇ ಉಳಿಯಿತು. ಹರಿದು ಬೇರೆ ಬರೆಯಬಹುದಿತ್ತು. ಬೇಡ, ನಾನು ಎಂಥ ಮೂರ್ಖನೆಂದು ನೀನೂ ಓದು.

ಪತ್ರ ಬರೆದ ಮರುದಿನ ಮೇವಿಸ್‌ಳ ಮನೆಯಲ್ಲಿ ಚಹಾ ಕುಡಿಯುತ್ತ ಆ ಬೆನ್ನುಮೂಳೆಯ ಮಾತನ್ನು ಮತ್ತೆ ಎತ್ತಿದೆ. ಅವನು ಶಾಲೆಯಿಂದ ಬಂದಿರಲಿಲ್ಲ. ಅವಳು ಕೆಟಲ್ ಕುಕ್ಕಿದಳು.

“ಅಪ್ಪಾ, ಆ ಚಿಕ್ಕ ಸ್ಪೀಕರ್ ಯಾವತ್ತೂ ಸತ್ತಿರ್ಲಿಲ್ಲ. ಮೊದಲನೇ ದಿನಾನೇ ಚೆನ್ನಾಗಿ ಹಾಡ್ತಿತ್ತು. ಕೇಳಿಸ್ದೆ ಇದ್ದದ್ದು ನಿಂಗೆ.”

“ಮತ್ತೆ ಅವನ್ಯಾಕೆ ಬಿಚ್ಚಿದ?”

“ನಿಂಗೆ ಕೇಳಿಸೋವರೆಗೂ ಅದನ್ನ ಜೋರು ಮಾಡ್ತಾ ಹೋದ. ‘ನಾಲ್ಕು ತಿಂಗಳು ಕಷ್ಟಪಟ್ಟೋರು ಅವ್ರು, ಅವ್ರಿಗೆ ಕೇಳಿಸ್ಬೇಕು’ ಅಂದ. ಸ್ಪರ್ಧೆಗೆ ಮುಂಚೆ ಮೊದಲಿನ ಹಾಗೆ ಮಾಡ್ಕೋ ಅಂತ ನಾನು ಬೇಡ್ಕೊಂಡೆ. ‘ನಿಮ್ಮಪ್ಪ ಮುಂದಿನ ಸಾಲಲ್ಲಿ ಕೂತಿರ್ತಾರೆ’ ಅಂದ.”

ಅವಳ ಗೆಳತಿಯೊಬ್ಬಳು ಬರ್ನ್‌ಲೀಯಲ್ಲಿ ಕಿವಿ ಪರೀಕ್ಷೆ ಮಾಡುತ್ತಾಳೆ. ಮೇವಿಸ್ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದಳು. ತಲೆಗೆ ಯಂತ್ರ ಸಿಕ್ಕಿಸಿದರು, ಶಬ್ದ ಕೇಳಿದಾಗ ಗುಂಡಿ ಒತ್ತಬೇಕು. ಮೊದಲು ಕೆಲವು ಕೇಳಿದವು, ಒತ್ತಿದೆ. ಆಮೇಲೆ ಸುಮ್ಮನೆ ಕೂತೆ. ಬೇಸರವಾಗಿ, “ಉಳಿದದ್ದು ಶುರು ಮಾಡಮ್ಮ” ಎಂದೆ. “ಅದು ಮುಗೀತು ಮಿಸ್ಟರ್ ಕ್ಲೆಗ್” ಎಂದಳು. ಮೂವತ್ತೊಂದು ವರ್ಷ ನಾನೂರು ಮಗ್ಗಗಳ ನಡುವೆ ರಿಪೇರಿ ಮಾಡಿದವನ ಕಿವಿ ಹೀಗೇ ಆಗುತ್ತದಂತೆ. ಸಣ್ಣ ದನಿಗಳು ಮೊದಲು ಹೋಗುತ್ತವೆ, ಮಾತಿನ ತುದಿಗಳು, ಹೆಂಗಸರ ದನಿ.

ಕ್ವೆಂಟಿನ್‌ಗೆ ಹೇಳಿದೆ, “ನಿನ್ನ ಲೆಕ್ಕದ ಹಾಗೇ ಮಾಡಿಡು, ಜೋರು ಬೇಡ” ಎಂದು.

ಆದರೆ ಎಲಿಸ್, ನಾನು ಬರೆಯಬೇಕಾದ್ದು ಸ್ಪೀಕರಿನ ವಿಷಯವಲ್ಲ. ಈಡಿತ್ ಬದುಕಿದ್ದ ಕಡೆಯ ಮೂರು ವರ್ಷ, ಹೆಂಡತಿ ಮಾತು ನುಂಗುತ್ತಾಳೆಂದು ನಾನು ರೇಗುತ್ತಿದ್ದೆ. “ಗೊಣಗಬೇಡ, ಬಾಯಿಬಿಟ್ಟು ಮಾತಾಡು” ಎನ್ನುತ್ತಿದ್ದೆ. ಮೊದಮೊದಲು ಪಾಪ ಎರಡನೆಯ ಸಲ ಹೇಳುತ್ತಿದ್ದಳು. ಬರಬರುತ್ತ ಹೇಳುವುದನ್ನೇ ಬಿಟ್ಟಳು. ಆಸ್ಪತ್ರೆಯಲ್ಲಿ ಕಡೆಯ ಮಧ್ಯಾಹ್ನ ನನ್ನ ಕೈ ಹಿಡಿದು ಏನೋ ಹೇಳಿದಳು. ನನಗೆ ತಿಳಿಯಲಿಲ್ಲ. ತಿಳಿದವನ ಹಾಗೆ “ಆಗಲಿ” ಎಂದೆ. ಯಾವುದಕ್ಕೆ ಆಗಲಿ ಎಂದೆನೋ ಇಂದಿಗೂ ಗೊತ್ತಿಲ್ಲ.

ಅವಳನ್ನು ಮಣ್ಣುಮಾಡಿ ಬಂದ ವಾರ ನಿನಗೊಂದು ಪತ್ರ ಬರೆದಿದ್ದೆ, ಕೊನೆಯವರೆಗೂ ನನ್ನ ಮೇಲೆ ಮುನಿಸಿಕೊಂಡೇ ಹೋದಳು ಎಂದು. ಅದನ್ನು ಇಟ್ಟುಕೊಂಡಿದ್ದರೆ ಸುಟ್ಟುಬಿಡು. ನೀನೂ ಅದೇ ಮಗ್ಗಗಳ ನಡುವೆ ನಿಂತವನು. ಹೋಗಿ ಕಿವಿ ತೋರಿಸು. ವಿನ್ನೀ ಇನ್ನೂ ಮಾತಾಡುತ್ತಿರುವಾಗಲೇ ಹೋಗು.