ಹೆಂಗಸರ ಬೋಗಿ

ಕಡವಂತ್ರ, ಎರ್ನಾಕುಲಂ
ಮಂಗಳವಾರ, ೧೧ ನವೆಂಬರ್ ೨೦೨೫

ಪ್ರೀತಿಯ ಶಾಲಿನಿ,

ಹೇಗಿದ್ದೀಯೆ? ಮಂಡಿನೋವು ಈಗ ಹೇಗಿದೆ? ನಿಮ್ಮ ಆಫೀಸಿನ ಲಿಫ್ಟ್ ಕೆಟ್ಟು ಮೂರು ಮಹಡಿ ಹತ್ತುತ್ತಿದ್ದೇನೆ ಅಂದಿದ್ದೆಯಲ್ಲ, ರಿಪೇರಿ ಮಾಡಿದರೋ ಇಲ್ಲವೋ? ಕೊಟ್ಟಕ್ಕಲ್ ಎಣ್ಣೆಯನ್ನು ಬಿಸಿ ಮಾಡಿ ಹಚ್ಚಿಕೋ, ತಣ್ಣಗಿದ್ದರೆ ಉಪಯೋಗವಿಲ್ಲ. ಒಬ್ಬಳೇ ಇರುವವಳು ಊಟ ಬಿಟ್ಟು ಬರೀ ಬಾಳೆಹಣ್ಣು ತಿಂದು ಮಲಗಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಆದ್ದರಿಂದ ಬರೆದಿದ್ದೇನೆ. ಕಾಗದ ನೋಡಿ ನಿನಗೆ ಆಶ್ಚರ್ಯವಾಗಬಹುದು. ನನ್ನ ಫೋನು ಹಗಲೆಲ್ಲ ನಿನ್ನ ಭಾವನ ಮೇಜಿನ ಮೇಲಿರುತ್ತದೆ, ಯಾಕೆ ಎನ್ನುವುದನ್ನು ಮುಂದೆ ಬರೆಯುತ್ತೇನೆ. ನಾಳೆ ನಮ್ಮ ಕೆಳಮನೆಯ ಹಾಲಪ್ಪನವರು ಬ್ಯಾಂಕಿನ ಕೆಲಸಕ್ಕೆ ತಿರುವನಂತಪುರಕ್ಕೆ ಬರುತ್ತಿದ್ದಾರೆ, ಗುರುವಾರ ಹಿಂದಿರುಗುತ್ತಾರೆ. ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ಕ್ರಿಸ್ಮಸ್ ರಜೆಗೆ ನೀನೂ ನಿನ್ನ ಗೆಳತಿ ಸರೋಜಾನೂ ಕ್ವಾಲಾಲಂಪುರಕ್ಕೆ ಹೊರಟಿದ್ದೀರಿ, ಏನೇನು ಜಾಗ್ರತೆ ಬೇಕು ಬರಿ ಎಂದು ಕೇಳಿದ್ದೆ. ಮೊದಲು ಅದನ್ನು ಹೇಳಿಬಿಡುತ್ತೇನೆ. ಹೊರಡುವ ಮೂರು ದಿನದೊಳಗೆ ಮೊಬೈಲಿನಲ್ಲೇ ಅವರ ಸರ್ಕಾರದ ಆಗಮನದ ಕಾರ್ಡು ತುಂಬಬೇಕು, ವಿಮಾನ ಇಳಿದ ಮೇಲೆ ತುಂಬಲು ಹೋದರೆ ಸಾಲಿನಲ್ಲಿ ಹಿಂದೆ ಬೀಳುತ್ತೀರಿ. ವೀಸಾ ವಿಚಾರ ಹೊರಡುವ ಮುಂಚೆ ಇನ್ನೊಮ್ಮೆ ನೋಡಿಕೊಳ್ಳಿ, ಬದಲಾಗುತ್ತಿರುತ್ತದೆ. ರೈಲುಗಳಲ್ಲಿ ಎಸಿ ಎಷ್ಟೆಂದರೆ ಶಾಲು ಇಲ್ಲದೆ ಕೂರಲಾಗದು. ಮಧ್ಯಾಹ್ನದ ಮೇಲೆ ಮಳೆ ಖಂಡಿತ, ನಮ್ಮ ಕೇರಳದ ತುಲಾ ಮಾಸದ ಮಳೆಯ ಹಾಗೆಯೇ ಗುಡುಗಿಕೊಂಡು ಬರುತ್ತದೆ, ಕೊಡೆ ಇರಲಿ. ಸೊಪ್ಪಿನ ಪಲ್ಯ ನೋಡಿ ಮೋಸಹೋಗಬೇಡ, ಅದರಲ್ಲಿ ಬೆಳಚಾನ್ ಅಂತ ಸಿಗಡಿ ಅರೆದ ಮುದ್ದೆ ಹಾಕಿರುತ್ತಾರೆ, ಕೇಳಿಯೇ ತಿನ್ನಬೇಕು. ಬ್ರಿಕ್‌ಫೀಲ್ಡ್ಸ್ ಎಂಬ ಬಡಾವಣೆಯಲ್ಲಿ ಬಾಳೆಲೆ ಊಟ ಸಿಗುತ್ತದೆ, ಅಲ್ಲೇ ಉಳಿದುಕೊಳ್ಳಿ, ದೊಡ್ಡ ರೈಲು ನಿಲ್ದಾಣಕ್ಕೂ ಹತ್ತಿರ. ಬಾಟು ಗುಹೆಯ ಸುಬ್ರಹ್ಮಣ್ಯನ ಗುಡಿಗೆ ಬೆಳಿಗ್ಗೆಯೇ ಹೋಗಿ. ಕೈಯಲ್ಲಿ ಹಣ್ಣು ಹಿಡಿದರೆ ಕೋತಿ ಬಿಡುವುದಿಲ್ಲ. ನಿನ್ನ ಮಂಡಿಗೆ ಆ ಮೆಟ್ಟಿಲು ಬೇಡವೇ ಬೇಡ, ಕೆಳಗಿನಿಂದಲೇ ಕೈಮುಗಿ. ಅಲ್ಲಿಗೆ ಹೋಗುವ ರೈಲಿನಲ್ಲಿ ನಡುವೆ ಗುಲಾಬಿ ಬಣ್ಣದ ಫಲಕ ಹಚ್ಚಿದ ಹೆಂಗಸರ ಬೋಗಿ ಇರುತ್ತದೆ, ಗಂಡಸರನ್ನು ಹತ್ತಿಸುವುದಿಲ್ಲ. ನೀವಿಬ್ಬರೂ ಅದರಲ್ಲೇ ಹತ್ತಿ. ಆ ಬೋಗಿ ಇಲ್ಲದಿದ್ದರೆ ನಾನು ಈ ಕಾಗದದ ಉಳಿದ ಭಾಗವನ್ನು ಬರೆಯುತ್ತಲೇ ಇರಲಿಲ್ಲ.

ನಮ್ಮ ಪ್ರತೀಕ್ಷಾ ಮದುವೆಯಾಗಿ ಅಲ್ಲಿಗೆ ಹೋಗಿ ಎರಡು ವರ್ಷವಾದರೂ ನಾವು ಒಮ್ಮೆಯೂ ಹೋಗಿರಲಿಲ್ಲ. ಇವರು ರಿಟೈರ್ ಆದ ಮೇಲೆ, ಅಳಿಯನೇ ಕರೆಯುತ್ತಿದ್ದಾನೆ ಹೋಗೋಣ ಎಂದರು. ಸುಜನ್ ವಿಮಾನ ನಿಲ್ದಾಣಕ್ಕೆ ಬಂದು, ನನ್ನ ಕೈಚೀಲವನ್ನೂ ತಾನೇ ಹಿಡಿದುಕೊಂಡು, ಅತ್ತೆ, ಮಾವ ಎಂದು ಬಾಯಿ ತುಂಬ ಮಾತಾಡಿಸಿದ. ತಮ್ಮ ಫ್ಲಾಟು ಚಿಕ್ಕದು, ನಿಮಗೆ ಆರಾಮವಾಗಲ್ಲ ಎಂದು ಹೋಟೆಲಿನಲ್ಲಿ ರೂಮು ಮಾಡಿದ್ದ. ವಾರವಿಡೀ ರಜೆ ಹಾಕಿದ್ದ. ಇವರಿಗಂತೂ ಏಳು ಜನ್ಮದ ಪುಣ್ಯ ಸಿಕ್ಕಿದ ಹಾಗಾಗಿತ್ತು. ನನಗೆ ಮಾತ್ರ ಮೊದಲ ದಿನವೇ ಒಂದು ಮುಳ್ಳು ನೆಟ್ಟ ಹಾಗಾಯಿತು. ನಿನಗೆ ಗೊತ್ತಲ್ಲ, ಪ್ರತೀಕ್ಷಾ ಹುಟ್ಟಿ ಬೆಳೆದದ್ದು ಇಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಅದಕ್ಕಾಗಿ ಎಷ್ಟು ಬೈದಿದ್ದೇನೆ, ನೀನೂ ನನ್ನನ್ನು ನೋಡಿ ಎಷ್ಟು ನಕ್ಕಿದ್ದೀಯ. ಆ ಹುಡುಗಿ ಈಗ ಅಚ್ಚುಕಟ್ಟಾದ ಕನ್ನಡ ಮಾತಾಡುತ್ತಿದ್ದಳು. ಒಂದು ಮಲಯಾಳ ಪದ ಇಲ್ಲ. ತನಗೆ ಅರ್ಥವಾಗದ ಭಾಷೆ ಮನೆಯಲ್ಲಿ ಯಾಕೆ ಎಂದು ಸುಜನ್ ಹೇಳಿದ್ದನಂತೆ. ಇವರು ಅದನ್ನು ಕೇಳಿ ಖುಷಿಪಟ್ಟರು. ನನಗೆ ಯಾರೋ ನೆರೆಮನೆಯ ಸೊಸೆಯ ಜೊತೆ ಮಾತಾಡಿದ ಹಾಗಿತ್ತು.

ಆಮೇಲೆ ನೋಡುತ್ತ ಹೋದೆ. ಏನು ಕುಡೀತೀಯ ಎಂದು ನಾನು ಅವಳನ್ನು ಕೇಳಿದರೆ ಉತ್ತರ ಅವನು ಕೊಡುತ್ತಿದ್ದ. ನಾವಿಬ್ಬರೇ ಅಂಗಡಿಗೆ ಹೋಗಿ ಬರ್ತೀವಿ ಎಂದರೆ, ನಾನೂ ಬರ್ತೀನಿ ಅತ್ತೆ, ನಿಮಗೆ ದಾರಿ ಗೊತ್ತಾಗಲ್ಲ ಎನ್ನುತ್ತಿದ್ದ. ಅವಳ ಕ್ಲಿನಿಕ್ ನೋಡಬೇಕು ಎಂದೆ. ಫಿಸಿಯೋಥೆರಪಿ ಓದಿ ಇಲ್ಲಿನ ಆಸ್ಪತ್ರೆಯಲ್ಲಿ ಹೆಸರು ಮಾಡಿದ್ದವಳಲ್ಲವೇ, ಅಲ್ಲೂ ಕೆಲಸಕ್ಕೆ ಸೇರಿದ್ದೇನೆ ಎಂದಿದ್ದಳು. ಇವತ್ತು ರಜ ಎಂದ, ಮಾರನೆಯ ದಿನವೂ ರಜ ಎಂದ. ಗಂಡಹೆಂಡಿರಲ್ಲಿ ಇಷ್ಟೊಂದು ಅಕ್ಕರೆ ಇರಬಹುದು, ನಾನೇ ಕೊಂಕು ಹುಡುಕುತ್ತಿದ್ದೇನೆ ಎಂದು ನನ್ನನ್ನೇ ಗದರಿಕೊಂಡೆ.

ಬಾಟು ಗುಹೆಗೆ ಅವನು ಕಾರಿನಲ್ಲೇ ಹೋಗೋಣ ಎಂದಿದ್ದ. ಇವರು ಮಗುವಿನ ಹಾಗೆ ಹಟ ಹಿಡಿದು, ರೈಲಿನಲ್ಲೇ ಹೋಗಬೇಕು ಎಂದರು. ರೈಲು ಬಂದಾಗ ನಮ್ಮ ಎದುರಿಗೆ ನಿಂತದ್ದು ಗುಲಾಬಿ ಫಲಕದ ಬೋಗಿ. ನಾನು ಪ್ರತೀಕ್ಷಾಳ ಕೈ ಹಿಡಿದು ಹತ್ತಿಬಿಟ್ಟೆ. ಸುಜನ್ ಹಿಂದೆಯೇ ಕಾಲಿಟ್ಟ. ಸಮವಸ್ತ್ರದ ಹೆಂಗಸೊಬ್ಬಳು ಫಲಕ ತೋರಿಸಿ ಅವನನ್ನು ಪಕ್ಕದ ಬೋಗಿಗೆ ಕಳಿಸಿದಳು. ಇವರು ಅಲ್ಲಿ ಕಿಟಕಿಯ ಪಕ್ಕ ಕೂತು ಊರು ನೋಡುತ್ತಿದ್ದರು. ಅವನು ಮಾತ್ರ ಎರಡು ಬೋಗಿಗಳ ನಡುವಿನ ಗಾಜಿಗೆ ಮುಖ ಕೊಟ್ಟು ನಿಂತು ನಮ್ಮನ್ನೇ ನೋಡುತ್ತಿದ್ದ.

ಯಾಕೆ ಮಗಳೇ ಹೀಗಿದ್ದೀಯ ಎಂದೆ, ಅಷ್ಟೆ. ಅವಳು ಮೊದಲು ಹೇಳಿದ್ದು, "ನಗ್ತಾ ಇರಮ್ಮ. ನೋಡ್ತಾ ಇದ್ದಾರೆ." ಆಮೇಲೆ ತಾನೂ ನಗುತ್ತ, ಕೂದಲು ಸರಿಮಾಡಿಕೊಳ್ಳುತ್ತ, ಮಲಯಾಳದಲ್ಲಿ, "ಅಮ್ಮಾ, ಎನಿಕ್ಕ್ ಮಡುತ್ತು" ಎಂದಳು. ಸಾಕಾಗಿಹೋಗಿದೆ ಎನ್ನುವುದಕ್ಕೆ ಇಲ್ಲಿಯವರು ಬಳಸುವ ಆ ಮಾತು ಎಷ್ಟು ಸುಸ್ತಾದ ಮಾತು ಎಂದು ನಿನಗೂ ಗೊತ್ತು. ದಾರಿಯುದ್ದಕ್ಕೂ ಅವಳು ನಗುತ್ತಲೇ ಹೇಳಿದಳು ಶಾಲೂ. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಕಬ್ಬಿಣದ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾನೆ, ಕಳ್ಳಕಾಕರ ಭಯ ಅಂತೆ. ಪಾಸ್‌ಪೋರ್ಟು ಅವನ ಹತ್ತಿರ. ಅವಳ ಫೋನಿಗೆ ಸಿಮ್ ಇಲ್ಲ. ಭಾನುವಾರ ನಮ್ಮ ಜೊತೆ ವೀಡಿಯೊ ಕಾಲ್ ಮಾಡುತ್ತಿದ್ದಳಲ್ಲ, ಆಗೆಲ್ಲ ಅವನು ಪರದೆಯ ಆಚೆ ಕೂತಿರುತ್ತಿದ್ದನಂತೆ. ಕೆಲಸ ಬಿಡಿಸಿ ಬಹಳ ಕಾಲವಾಯಿತು. ಸಂಜೆ ಬಂದು ಇಡೀ ದಿನ ಏನೇನು ಮಾಡಿದೆ ಎಂದು ಒಪ್ಪಿಸಬೇಕು. ಒಂದು ಮಾತು ಹೆಚ್ಚುಕಡಿಮೆಯಾದರೆ ವಾರಗಟ್ಟಲೆ ಮಾತಿಲ್ಲ, ಮನೆಗೆ ಸಾಮಾನು ತರುವುದೂ ಇಲ್ಲ. ಬರೀ ಅನ್ನ ಉಪ್ಪು ತಿಂದ ದಿನಗಳಿವೆಯಂತೆ. ಹೊಡೀತಾನಾ ಎಂದೆ. "ಇಲ್ಲಮ್ಮ, ಅದೊಂದಿಲ್ಲ. ಅದಕ್ಕೇ ಯಾರಿಗೆ ಏನಂತ ಹೇಳಬೇಕೋ ಗೊತ್ತಾಗಲಿಲ್ಲ." ನಾನು ಗಾಜಿನ ಕಡೆ ನೋಡಿ ನಕ್ಕೆ. ಅವನೂ ಆಚೆಯಿಂದ ಕೈಬೀಸಿದ. ಗುಹೆಯ ಮುಂದೆ ನಾವು ನಾಲ್ವರೂ ನಿಂತ ಫೋಟೋವನ್ನು ಇವರು ಗ್ರೂಪಿನಲ್ಲಿ ಹಾಕಿದ್ದು ಅದಾದ ಹತ್ತು ನಿಮಿಷಕ್ಕೆ. ನೀವೆಲ್ಲರೂ ಕಣ್ಣು ತುಂಬುವ ಹಾಗಿದೆ ಅಂತ ಬರೆದಿದ್ದಿರಿ.

ನಮ್ಮ ಹೋಟೆಲಿನ ಕೌಂಟರಿನಲ್ಲಿ ಜುಬೈದಾ ಎಂಬ ಹುಡುಗಿ, ನಮ್ಮ ಕೇರಳದ ಪೊನ್ನಾನಿಯವಳು. ದಿನಾ ನನ್ನ ಜೊತೆ ಮಲಯಾಳದಲ್ಲಿ ಹರಟುತ್ತಿದ್ದಳು. ಹೊರಡುವ ಹಿಂದಿನ ಸಂಜೆ ನಾನು ಅವಳಿಗೆ ಹೇಳಿಕೊಂಡೆ. ಅವಳು ಬಹಳ ಕೇಳಲಿಲ್ಲ. "ಚೇಚೀ, ನೀವು ಜ್ವರ ಅಂತ ಮಲಗಿ, ಉಳಿದದ್ದು ನಾನು ನೋಡ್ತೀನಿ" ಎಂದಳು. ನಾನು ಹಾಗೆಯೇ ಮಲಗಿದೆ. ಮಗಳು ಇವತ್ತು ನನ್ನ ಜೊತೆ ಇರಲಿ ಎಂದು ಇವರ ಎದುರಿಗೇ ಸುಜನ್‌ಗೆ ಹೇಳಿದೆ. ಮಾವನ ಮುಂದೆ ಇಲ್ಲ ಎನ್ನಲು ಅವನಿಗೆ ಆಗಲಿಲ್ಲ. ಆಗ ಜುಬೈದಾ ಮೇಲೆ ಬಂದು, ಯಾರೇ ಉಳಿದರೂ ಪಾಸ್‌ಪೋರ್ಟು ತೋರಿಸಲೇಬೇಕು, ಇಲ್ಲಿನ ನಿಯಮ ಎಂದು ಇಂಗ್ಲಿಷಿನಲ್ಲಿ ಖಡಾಖಂಡಿತ ಹೇಳಿದಳು. ಇವರು, "ಪಾಪ, ಹೋಗಿ ತಂದುಕೊಡಪ್ಪ" ಎಂದರು. ತಂದುಕೊಟ್ಟ. ಬೆಳಿಗ್ಗೆ ತಾನೇ ಬಂದು ನಮ್ಮನ್ನು ವಿಮಾನಕ್ಕೆ ಬಿಟ್ಟು ಹೆಂಡತಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋದ. ಜುಬೈದಾ ಅದೇ ವಿಮಾನಕ್ಕೆ ಇನ್ನೊಂದು ಟಿಕೆಟ್ ತೆಗೆದುಕೊಟ್ಟಳು. ಅವನು ಬರುವ ಮುಂಚೆಯೇ ನಾವು ವಿಮಾನ ನಿಲ್ದಾಣದ ರೈಲು ಹಿಡಿದೆವು. ಪ್ರತೀಕ್ಷಾ ಎರಡು ವಾರ ನಮ್ಮ ಜೊತೆ ಬರುತ್ತಾಳೆ, ಸುಜನ್‌ಗೆ ಗೊತ್ತು, ಅವನಿಗೆ ಬೆಳಿಗ್ಗೆ ಬರಲಾಗುವುದಿಲ್ಲವಂತೆ ಎಂದು ನಾನು ಇವರಿಗೆ ಸುಳ್ಳು ಹೇಳಿದೆ. ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರ, ಅವಳು ನನ್ನ ಸೆರಗು ಬಿಡಲಿಲ್ಲ.

ವಿಮಾನ ಹತ್ತುವ ಬಾಗಿಲಿನಲ್ಲಿ ಅವನ ಫೋನು ಬಂತು. ಇವರ ಮುಖ ಕಪ್ಪಿಟ್ಟಿತು. ಒಂದೇ ಮಾತು ಹೇಳಿದರು, "ಕದ್ದುಕೊಂಡು ಬಂದ ಹಾಗಾಯ್ತಲ್ಲ ರತ್ನ."

ಮನೆಗೆ ಬಂದ ಮೇಲೆ ಎಲ್ಲ ಹೇಳಿದೆ. ನಿನ್ನ ಭಾವ ಕೆಟ್ಟವರಲ್ಲ, ಅದು ನಿನಗೂ ಗೊತ್ತು. ಮಗಳಿಗೆ ಇಷ್ಟ ಎಂದು ದಿನಾ ಸಂಜೆ ಹೋಗಿ ಪಳಂಪೊರಿ, ಅದೇ ಬಾಳೆಹಣ್ಣಿನ ಬಜ್ಜಿ, ತರುತ್ತಾರೆ. ಆದರೆ ಸುಜನ್‌ನ ಅಪ್ಪ ಇವರ ಜೊತೆ ಬ್ಯಾಂಕಿನ ಒಂದೇ ಶಾಖೆಯಲ್ಲಿ ಕೆಲಸ ಮಾಡಿದವರು, ಸಂಬಂಧ ತಂದದ್ದೂ ಇವರೇ. "ಹೊಡೆದಿದ್ದಾನಾ? ಕುಡೀತಾನಾ? ಇಲ್ಲವಲ್ಲ. ಬೀಗ ಹಾಕಿದ್ದು ಜೋಪಾನಕ್ಕೆ ಅಂತ ಯಾಕೆ ತಿಳ್ಕೋಬಾರದು?" ಎನ್ನುತ್ತಾರೆ. ನಾನು ಜಗಳವಾಡಿ ಸೋತೆ. ಸುಜನ್ ನನ್ನ ಫೋನಿಗೇ ಕರೆ ಮಾಡುತ್ತಾನೆ, ನಾನು ಎತ್ತದೆ ಬಿಡುತ್ತೇನೆಂದು ಇವರು ಅದನ್ನು ತಮ್ಮ ಹತ್ತಿರ ಇಟ್ಟುಕೊಂಡಿದ್ದಾರೆ. ಸ್ಪೀಕರಿನಲ್ಲಿ ಅವನು ಅಳುತ್ತಾನೆ. ಆ ಅಳು ಕೇಳಿದರೆ ಪ್ರತೀಕ್ಷಾ ಅಡುಗೆಮನೆಯಲ್ಲಿ ಮೂಲೆಗೆ ಹೋಗಿ ನಿಂತುಕೊಳ್ಳುತ್ತಾಳೆ. ನಿನ್ನೆ ಬಟ್ಟೆ ಒಣಗಿಸುತ್ತಿದ್ದೆ. ಹಿಂದೆ ಬಂದು ನಿಂತು, "ಅಮ್ಮ, ಬಾಲ್ಕನಿಗೆ ಬರಲಾ?" ಎಂದು ಕೇಳಿದಳು. ಅವಳ ಸ್ವಂತ ಮನೆಯ ಬಾಲ್ಕನಿ, ಶಾಲೂ. ನಾನು ಬಾ ಎನ್ನುವವರೆಗೆ ಹೊಸ್ತಿಲು ದಾಟಲಿಲ್ಲ. ಬಂದು ಕಂಬಿ ಹಿಡಿದು ಕೆಳಗಿನ ಮೆಟ್ರೋ ನೋಡುತ್ತ ನಿಂತವಳು ಕತ್ತಲಾದರೂ ಒಳಗೆ ಬರಲಿಲ್ಲ. ಒಳಗೆ ಬರಲೂ ಕೇಳಬೇಕು ಅನಿಸಿತ್ತೋ ಏನೋ.

ಅವಳು ತನ್ನ ಹಳೆಯ ಆಸ್ಪತ್ರೆಗೆ ಹೋಗಿ ಕೆಲಸ ಕೇಳುವ ಮಾತಾಡಿದಾಗ ಒಂದು ಕ್ಷಣ ಮುಖದಲ್ಲಿ ಜೀವ ಬಂದಿತ್ತು. ಇವರು, ಎರಡು ವಾರಕ್ಕೆ ಬಂದವಳಿಗೆ ಕೆಲಸ ಯಾಕೆ ಎಂದರು. ಅಲ್ಲಿಗೆ ಅದೂ ಆರಿತು. ನಾನು ಬೇಳೆ ಬೇಯಿಸುತ್ತೇನೆ, ದೇವರಿಗೆ ದೀಪ ಹಚ್ಚುತ್ತೇನೆ, ಮೂವರಿಗೂ ತಟ್ಟೆ ಹಾಕುತ್ತೇನೆ.

ಸರೋಜಾಗೆ ನನ್ನ ನೆನಪು ಹೇಳು. ಚಾಮುಂಡಿ ತಾಯಿ ನಿನ್ನನ್ನು ಕಾಯಲಿ, ಮಂಡಿ ಬೇಗ ಗುಣವಾಗಲಿ. ಹಾಲಪ್ಪನವರ ಕೈಯಲ್ಲಿ ಹುಣಸೆ ತೊಕ್ಕು ಕಳಿಸಿದ್ದೇನೆ, ಫ್ರಿಜ್ಜಿನಲ್ಲಿ ಇಡಬೇಡ, ಹೊರಗೇ ಇರಲಿ.

ನಿನ್ನ ಅಕ್ಕ,
ರತ್ನ

ತಾಜಾ ಕಲಂ: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಇವರು ಈಗಷ್ಟೇ ಹೇಳಿದರು, ಶನಿವಾರ ಸುಜನ್ ಬರುತ್ತಿದ್ದಾನೆ, ಅವಳನ್ನು ಕರೆದುಕೊಂಡು ಹೋಗಲು. ನೆಡುಂಬಾಶ್ಶೇರಿ ವಿಮಾನ ನಿಲ್ದಾಣಕ್ಕೆ ಇವರೇ ಹೋಗಿ ಕರೆತರುತ್ತಾರಂತೆ. ಶುಕ್ರವಾರ ಬೆಳಿಗ್ಗೆ ಇವರು ಪಿಂಚಣಿ ಕೆಲಸಕ್ಕೆ ಹೊರಗೆ ಹೋಗುತ್ತಾರೆ. ಆಗ ಪ್ರತೀಕ್ಷಾಳನ್ನು ನಾನು ತಿರುವನಂತಪುರದ ರೈಲಿಗೆ ಹತ್ತಿಸುತ್ತೇನೆ. ಪಾಸ್‌ಪೋರ್ಟು, ಸರ್ಟಿಫಿಕೇಟುಗಳು ಎಲ್ಲ ಅವಳ ಜೊತೆಯಲ್ಲೇ ಇರುತ್ತವೆ. ಅವಳನ್ನು ಕೇಳಿದ್ದೇನೆ, ಹೋಗುತ್ತೇನೆ ಎಂದಿದ್ದಾಳೆ. ನೀನು ರಜೆ ಹಾಕಿ ಸ್ಟೇಷನ್ನಿನಲ್ಲಿ ನಿಂತಿರು. ನಿನ್ನ ಮನೆಯಲ್ಲೇ ಇರಲಿ, ಅವಳಾಗಿ ಹೊರಡುವವರೆಗೆ. ಕೆಲಸ ಅಲ್ಲಿಯೇ ಹುಡುಕಲಿ, ವಕೀಲರು ಬೇಕಾದರೆ ಅದನ್ನೂ ನೀನೇ ನೋಡು. ಆಗುತ್ತದೆ ಆಗುವುದಿಲ್ಲ ಎರಡೂ ಹಾಲಪ್ಪನವರ ಬಾಯಲ್ಲೇ ಹೇಳಿಕಳಿಸು, ಫೋನ್ ಮಾಡಬೇಡ. ನಾನು ಬರುವುದಿಲ್ಲ. ಶನಿವಾರ ಅವರಿಬ್ಬರೂ ಬಂದು ಬೆಲ್ ಮಾಡಿದಾಗ ಬಾಗಿಲು ತೆಗೆದು, ಅವಳು ಇಲ್ಲಿಲ್ಲ ಎಂದು ಹೇಳಲು ಒಬ್ಬರು ಇರಬೇಕಲ್ಲ.