ಕೆಟ್ಟಿದ್ದು ಹಲ್ಲಲ್ಲ

ಮನೆಯ ಮಹಡಿ ಮೆಟ್ಟಿಲಿನಿಂದ,
ಮಾರ್ಚ್ ಹನ್ನೊಂದು, ಮಂಗಳವಾರ

ಬಂದರಿನ ಕ್ರೇನಿನ ಮೇಲೆ ವಿರಾಜಮಾನರಾಗಿರುವ ಪ್ರೀತಿಯ ಅಪ್ಪನವರಿಗೆ, ನೆಲದ ಮೇಲಿರುವ ಮಗನ ನಮಸ್ಕಾರ.

ಸೊಂಟನೋವು ಹೇಗಿದೆ? ಅಮ್ಮ ಕಳಿಸಿದ ಬೆಲ್ಟು ಕಟ್ಟಿಕೊಳ್ಳುತ್ತಿದ್ದೀರೋ, ಇಲ್ಲಾ ಅದಿನ್ನೂ ಪೊಟ್ಟಣದಲ್ಲೇ ವಿಶ್ರಾಂತಿ ಪಡೆಯುತ್ತಿದೆಯೋ? ಇಲ್ಲಿ ಎಲ್ಲರೂ ಕ್ಷೇಮ, ನನ್ನೊಬ್ಬನನ್ನು ಬಿಟ್ಟು. ನಾನು ಮನಸ್ಸಿನ ವಿಷಯಕ್ಕೆ ಕೌನ್ಸೆಲಿಂಗಿಗೆ ಹೋಗುತ್ತೇನೆಂದು ಅಮ್ಮ ಫೋನಿನಲ್ಲಿ ಪಿಸುಗುಟ್ಟಿದಾಗ, "ದಿನವಿಡೀ ಹಲ್ಲು ಕಿಸಿಯೋನಿಗೆ ಅದೆಲ್ಲ ಯಾಕೆ? ಮನೆ ಮಾತು ಬೀದಿಗೆ ಬೀಳುತ್ತೆ" ಎಂದಿರಂತೆ. ತಮ್ಮ ಅಪ್ಪಣೆಯನ್ನು ಶಿರಸಾವಹಿಸಿ, ಗುರುವಾರ ಸಂಜೆ ಐದಕ್ಕೆ ಸರಿಯಾಗಿ ಹೋಗಿ ಬಂದೆ.

ಅಮ್ಮ ಮಾತ್ರ ನಿಮ್ಮ ಮಾನ ಉಳಿಸಲು, ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾನೆ ಎಂದು ಅತ್ತೆಗೆ ಹೇಳಿಬಿಟ್ಟಿದ್ದಳು. ಭಾನುವಾರ ಊಟದ ಮಧ್ಯೆ ಅತ್ತೆ, ನಾನೇ ಅಂಗಡಿಯಲ್ಲಿ ಗಾಜು ಕೂರಿಸಿಕೊಟ್ಟ ಕನ್ನಡಕ ಏರಿಸಿ, "ಎಷ್ಟು ಕಿತ್ತರೋ? ಬಾಯಿ ತೆಗಿ ನೋಡೋಣ" ಎಂದರು. ತೆಗೆದೆ. ಮೂವತ್ತೆರಡೂ ಹಾಜರು. ಅಮ್ಮ ನೀರು ತರುವ ನೆಪದಲ್ಲಿ ಪರಾರಿ. "ಅತ್ತೆ, ಕೆಟ್ಟಿದ್ದು ಹಲ್ಲಲ್ಲ, ಮನಸ್ಸು. ಅದನ್ನ ಕೀಳಲ್ಲ, ಮಾತಾಡಿಸ್ತಾರೆ" ಎಂದೆ. ಅತ್ತೆ ಕನ್ನಡಕ ಇಳಿಸಿ, "ನೋವಾಗುತ್ತಾ?" ಎಂದಷ್ಟೇ ಕೇಳಿದರು.

ಆಗುತ್ತದೆ ಅಪ್ಪಾ. ಹೋಗುವ ಮೊದಲು ನನಗೆ ಯಾರೂ ಹೇಳಿರಲಿಲ್ಲ, ನಿಮಗಾದರೂ ತಿಳಿದಿರಲಿ. ಅಲ್ಲಿ ಮಲಗಿಸುವುದಿಲ್ಲ, ಎರಡು ಕುರ್ಚಿ, ಒಂದು ಗಡಿಯಾರ ಅಷ್ಟೆ. ನಾವು ಆಡಿದ್ದು ಕೋಣೆ ದಾಟುವುದಿಲ್ಲ, ಜೀವಕ್ಕೆ ಅಪಾಯ ಕಂಡರೆ ಮಾತ್ರ ಮನೆಯವರಿಗೆ ತಿಳಿಸುತ್ತೇನೆ ಎಂದು ಕೌನ್ಸೆಲರ್ ಮೇಡಂ ಮೊದಲೇ ಹೇಳಿದರು. ಅವರು ನನಗೆ ಸರಿಹೋಗದಿದ್ದರೆ ಬೇರೆಯವರನ್ನು ನೋಡಬಹುದಂತೆ. ಒಂದೇ ಸಲಕ್ಕೆ ಗುಣವಾಗುವುದಿಲ್ಲವಂತೆ. ಇಪ್ಪತ್ತು ನಿಮಿಷ ನಾನು ಬರೀ ಜೋಕು ಹೊಡೆದೆ. ಚೆನ್ನಾಗಿಯೇ ನಕ್ಕರು. ಆಮೇಲೆ, "ಜೋಕು ಹೇಳದೆ ಇದ್ದಿದ್ರೆ ಏನು ಹೇಳ್ತಿದ್ರಿ?" ಎಂದರು. ಸಿಕ್ಕಿಬಿದ್ದೆ. ಮೂರು ತಿಂಗಳಿಂದ ಕನ್ನಡಕದಂಗಡಿಯಲ್ಲಿ ಫ್ರೇಮಿಗೆ ಸ್ಕ್ರೂ ಹಾಕುವಾಗ ಕೈ ನಡುಗುವುದು, ಎದೆ ಬಿಗಿದು ಗೋದಾಮಿನ ಬಾಗಿಲು ಹಾಕಿಕೊಂಡು ಕೂರುವುದು, ಹೊರಬಂದು ಯಜಮಾನರ ಮುಂದೆ ಅವರದೇ ಮಿಮಿಕ್ರಿ ಮಾಡುವುದು, ಎಲ್ಲ ಹೇಳಿದೆ.

ಇದು ಮನೆ ಮಾತಲ್ಲ, ನನ್ನ ಮಾತು. ಈ ಗುರುವಾರವೂ ಹೋಗುತ್ತೇನೆ. ನೀವು ಬೇಡವೆಂದರೆ, ನಿಮ್ಮ ಮೇಲಿನ ಗೌರವವನ್ನು ಜೊತೆಗಿಟ್ಟುಕೊಂಡೇ ಹೋಗುತ್ತೇನೆ.

ಇಂತು ತಮ್ಮ ಆಜ್ಞಾಧಾರಕನಲ್ಲದ
ಮಗ

ಮರೆತಿದ್ದೆ: ಅಲ್ಲಿನ ಫಾರ್ಮಿನಲ್ಲಿ 'ತುರ್ತಾದರೆ ಯಾರಿಗೆ ತಿಳಿಸಬೇಕು' ಎಂಬಲ್ಲಿ ಅಮ್ಮನ ನಂಬರು ಬರೆದು, ಹೊಡೆದುಹಾಕಿ, ನಿಮ್ಮದು ಬರೆದಿದ್ದೇನೆ. ಗೊತ್ತಿಲ್ಲದ ನಂಬರು ಬಂದರೆ ನೀವು ಕಟ್ ಮಾಡುತ್ತೀರಿ. ಈ ಹಾಳೆಯ ಹಿಂಬದಿಯಲ್ಲಿ ಮೇಡಂ ನಂಬರು ಬರೆದಿದ್ದೇನೆ. ಅದು ಬಂದರೆ ಎತ್ತಿ.